ಸಿಗ್ನಲ್ ಆಮೇಲೆ, ಮೊದಲು ಗೇಟ್ ತೋರಿಸಿ

ಅಪಾರ್ಟ್‌ಮೆಂಟ್ ಕಟ್ಟುವವರು ಟ್ರಾಫಿಕ್ ಸ್ಟಡಿಗೆ, ಅಂದರೆ ಕಟ್ಟಡದಿಂದ ಸುತ್ತಲಿನ ರಸ್ತೆಗೆ ಏನಾಗುತ್ತದೆ ಅನ್ನುವ ಲೆಕ್ಕಕ್ಕೆ, ನನ್ನ ಹತ್ತಿರ ಬಂದಾಗ ಕೇಳುವುದು ಒಂದೇ: "ಮೇಡಂ, ಪಕ್ಕದ ಜಂಕ್ಷನ್‌ಗೆ ತೊಂದರೆ ಇಲ್ಲ ಅಂತ ಬರುತ್ತೆ ಅಲ್ವಾ?" ನನಗೆ ಜಾಸ್ತಿ ಚಿಂತೆ ಅವರ ಗೇಟಿನದು.

ಜಂಕ್ಷನ್ ಲೆಕ್ಕ ಗೊತ್ತಿರುವಂಥದ್ದೇ. ಕ್ಯಾಮೆರಾ ಕಟ್ಟಿ, ಎಡಕ್ಕೆಷ್ಟು, ಬಲಕ್ಕೆಷ್ಟು, ನೇರ ಎಷ್ಟು ಅಂತ 15 ನಿಮಿಷಕ್ಕೊಂದು ಸಲ ಬರೆದುಕೊಳ್ಳುತ್ತೇವೆ. ಕಾರಿಗೆ 1 ಅಂಕ ಕೊಟ್ಟು ಉಳಿದ ಗಾಡಿಗಳನ್ನು ಅದಕ್ಕೆ ಹೊಂದಿಸುತ್ತೇವೆ. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಪಟ್ಟಿ ಪ್ರಕಾರ ರಸ್ತೆಯಲ್ಲಿ ಬೈಕು ಕಮ್ಮಿಯಿದ್ದರೆ ಒಂದಕ್ಕೆ 0.5, ಜಾಸ್ತಿಯಿದ್ದರೆ 0.75. ಬೆಂಗಳೂರಿಗೆ ಯಾವುದು ಅಂತ ಬೇರೆ ಹೇಳಬೇಕೆ? ಆದರೆ ಸಿಗ್ನಲ್ ದಾಟಿದ ಗಾಡಿ ಮಾತ್ರ ಎಣಿಕೆಗೆ ಸಿಗುತ್ತದೆ, ಹಿಂದೆ ಸಿಕ್ಕಿಕೊಂಡದ್ದು ಸಿಗುವುದಿಲ್ಲ. ಅದಕ್ಕೇ ಸಾಲಿನ ಬಾಲ ಎಲ್ಲಿಗೆ ಮುಟ್ಟಿತು ಅಂತ ನೋಡಲು ಒಬ್ಬ ಹುಡುಗನನ್ನು ನಿಲ್ಲಿಸುತ್ತೇನೆ.

ಈಚೆಗೆ ಊರಂಚಿನ ಒಂದು ಅಪಾರ್ಟ್‌ಮೆಂಟಿನ ಎರಡನೇ ಹಂತಕ್ಕೆ ಸ್ಟಡಿ ಮಾಡಿದೆವು. ಮೊದಲ ಹಂತದಲ್ಲಿ ಆಗಲೇ ಜನ ಇದ್ದಾರೆ. ಬೆಳಗ್ಗೆ ಆ ಹುಡುಗ ಫೋನ್ ಮಾಡಿದ: "ಮೇಡಂ, ಸಾಲು ಸಿಗ್ನಲ್‌ನಿಂದ ಶುರುವಾಗ್ತಾ ಇಲ್ಲ, ಇವರ ಗೇಟಿಂದ ಶುರುವಾಗ್ತಿದೆ."

ಹೋಗಿ ನೋಡಿದರೆ ಬೂಮ್ ಬ್ಯಾರಿಯರ್, ಅಂದರೆ ಗೇಟಿನಲ್ಲಿ ಎತ್ತಿ ಇಳಿಸುವ ಅಡ್ಡಗಂಬ, ಕಾಂಪೌಂಡ್ ಗೆರೆಯ ಮೇಲೇ ಇದೆ. ಡೆಲಿವರಿ ಹುಡುಗರು, ಕ್ಯಾಬ್, ಸ್ಕೂಲ್ ವ್ಯಾನ್ ಎಲ್ಲದಕ್ಕೂ ಅದೊಂದೇ ಬಾಯಿ. ಗಾರ್ಡ್ ರಾಯಚೂರು ಕಡೆಯವರು. ಒಂದೊಂದು ಗಾಡಿ ನಿಲ್ಲಿಸಿ ಫ್ಲಾಟ್ ನಂಬರ್ ಕೇಳಿ, ಮೊಬೈಲಿನಲ್ಲಿ ಒತ್ತಿ, ಒಪ್ಪಿಗೆ ಬರುವವರೆಗೆ ಕಾಯುತ್ತಿದ್ದರು. "ಕೇಳದ ಬಿಟ್ರ ಮ್ಯಾಲಿಂದ ಫೋನ್ ಬರ್ತೈತ್ರಿ ಮೇಡಂ" ಅಂದರು. ಅವರದೇನು ತಪ್ಪು?

ಒಂದು ಗಾಡಿಗೆ 20 ಸೆಕೆಂಡ್ ಹಿಡಿದರೆ ಗಂಟೆಗೆ 180 ಗಾಡಿ ಒಳಗೆ ಹೋಗಬಹುದು, ಅದೂ ಒಂದರ ಹಿಂದೊಂದು ಸಮವಾಗಿ ಬಂದರೆ. ಹಾಗೆಲ್ಲಿ ಬರುತ್ತವೆ? ಸಿಗ್ನಲ್ ಹಸಿರಾದರೆ ಒಂದು ಹಿಂಡೇ ಬರುತ್ತದೆ. ನಿಂತ ಕಾರಿಗೆ ಸುಮಾರು 6 ಮೀಟರ್ ಬೇಕು, ಐದು ಕಾರಿಗೆ 30 ಮೀಟರ್. ಬ್ಯಾರಿಯರ್ ಅಷ್ಟು ಒಳಗಿದ್ದಿದ್ದರೆ ರಸ್ತೆಯವರಿಗೆ ಗೊತ್ತೇ ಆಗುತ್ತಿರಲಿಲ್ಲ. ಇಲ್ಲಿ ಎಡಗಡೆಯ ಲೇನ್ ಪೂರ್ತಿ ಬಂದ್. ಬಸ್ಸು ಬಲಕ್ಕೆ ತಿರುಗಿಸಿಕೊಳ್ಳುತ್ತದೆ, ಹಿಂದಿನವರು ಬ್ರೇಕ್ ಹಾಕುತ್ತಾರೆ, ಹಸಿರು ಬಿದ್ದರೂ ಜಂಕ್ಷನ್ ಖಾಲಿಯಾಗುವುದಿಲ್ಲ. ಜನ ಸುಮ್ನೆ ಸಿಗ್ನಲ್ಲಿಗೆ ಬೈಯುತ್ತಾರೆ.

ಬ್ಯಾರಿಯರ್ 30 ಮೀಟರ್ ಒಳಗೆ ಹಾಕಿ, ಅಲ್ಲಿ ಇರುವವರಿಗೆ ಒಂದು ಲೇನ್, ಬಂದುಹೋಗುವವರಿಗೆ ಇನ್ನೊಂದು ಮಾಡಿ ಅಂತ ರಿಪೋರ್ಟಿನಲ್ಲಿ ಬರೆದೆ. ಆರ್ಕಿಟೆಕ್ಟ್‌ಗೆ ಬೇಜಾರು. ಆ ಜಾಗದಲ್ಲಿ ಕಾರಂಜಿ ಇದೆಯಂತೆ. ಎರಡು ಮೀಟಿಂಗ್ ಬರೀ ಕಾರಂಜಿಗೇ ಹೋಯಿತು. ಕೊನೆಗೆ ಅದನ್ನು ಕ್ಲಬ್‌ಹೌಸ್ ಹತ್ತಿರ ಸರಿಸಲು ಒಪ್ಪಿದರು.

ಹೊರಗೆ ಹೋಗುವ ದಾರಿ ಮಾತ್ರ ಇತ್ಯರ್ಥವಾಗಿಲ್ಲ. ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಬರುವವನಿಗೆ ಬ್ರೇಕ್ ಹಾಕಿ ನಿಲ್ಲಲು, ಗೇಟಿಂದ ಹೊರಬರುವ ಗಾಡಿ 45 ಮೀಟರ್ ದೂರದಿಂದಲೇ ಕಾಣಬೇಕು. ಇವರ ಪ್ರಾಜೆಕ್ಟ್ ಬೋರ್ಡ್ ಅದನ್ನೇ ಮುಚ್ಚಿದೆ. ಬೋರ್ಡ್ ತೆಗೆಯಿರಿ, ಬಲಕ್ಕೆ ತಿರುಗಲು ಬಿಡಬೇಡಿ ಅಂದೆ. ಬೋರ್ಡಿಗೆ ಸರಿ ಅಂದರು. ಬಲ ತಿರುವು ನಿಲ್ಲಿಸಿದರೆ ಯೂಟರ್ನ್ ದೂರ ಆಗುತ್ತದೆ, ಫ್ಲಾಟ್ ಮಾರಾಟ ಆಗಲ್ಲ ಅಂತ ಸೇಲ್ಸ್‌ನವರ ವಾದ. ಆ ಸಾಲನ್ನು ರಿಪೋರ್ಟಿನಿಂದ ತೆಗೆಯಲು ನಾನು ಒಪ್ಪಿಲ್ಲ.