ನಿನ್ನ ಬ್ಯಾಕ್ಟೀರಿಯಾದಿಂದ ಬಲ್ಬ್ ಉರಿಯುತ್ತಾ?

ಮೂಡಿಗೆರೆಗೆ ಹೋದಾಗಲೆಲ್ಲ ಯಾರಾದರೂ ಇದನ್ನು ಕೇಳುತ್ತಾರೆ. ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ. ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದಾಗ, ಕರೆಂಟ್ ಕೊಡುವ ಬ್ಯಾಕ್ಟೀರಿಯಾ ಓದುವವರು ಮನೆಗೆ ಬಂದರೆ ಕೇಳದೆ ಇರುತ್ತಾರಾ?

ನೇರವಾಗಿ ಹೇಳುತ್ತೇನೆ: ಮನೆಯ ಬಲ್ಬ್ ಉರಿಯುವುದಿಲ್ಲ. ಈ ಬ್ಯಾಕ್ಟೀರಿಯಾ ಸಾಕುವ ಬ್ಯಾಟರಿಯಂಥ ಒಂದು ಸೆಲ್ಲಿಗೆ ಸಿಗುವುದು ಸುಮಾರು ಅರ್ಧ ವೋಲ್ಟ್. ಲ್ಯಾಬಿನಲ್ಲಿ ಚೆನ್ನಾಗಿ ಸಾಕಿದರೂ ಅವು ಅಂಟಿಕೊಂಡು ಕರೆಂಟ್ ಕೊಡುವ ಹಲಗೆಗೆ, ಅಂದರೆ ಎಲೆಕ್ಟ್ರೋಡಿಗೆ, 1 ಚದರ ಮೀಟರ್‌ಗೆ ಕೆಲವೇ ವ್ಯಾಟ್.

ಹಾಗಾದರೆ ಯಾಕೆ ಓದುತ್ತೀಯ ಅಂತ ಕೇಳಿದರೆ, ಅವರನ್ನು ಗದ್ದೆಯ ಬದುವಿಗೆ ಕರೆದುಕೊಂಡು ಹೋಗುತ್ತೇನೆ. ನೀರು ನಿಂತ ಮೇಲೆ ನಮ್ಮ ಕೆಂಪು ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ, ಅಲ್ವಾ? ಅದು ನಾನು ಓದುವ ಜಿಯೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಮತ್ತು ಅಂಥ ಜೀವಿಗಳ ಕೆಲಸ. ನಾವು ರೊಟ್ಟಿ ತಿಂದಾಗ ಅದರಿಂದ ಬಿಡುಗಡೆಯಾದ ಎಲೆಕ್ಟ್ರಾನ್‌ಗಳನ್ನು ಕೊನೆಗೆ ತೆಗೆದುಕೊಳ್ಳುವುದು ನಾವು ಉಸಿರಾಡಿದ ಆಕ್ಸಿಜನ್. ಕೆಸರಿನೊಳಗೆ ಆಕ್ಸಿಜನ್ ಇಲ್ಲ. ಅಲ್ಲಿರುವುದು ಮಣ್ಣಿನ ಕಬ್ಬಿಣದ ತುಕ್ಕು. ಅದು ನೀರಿನಲ್ಲಿ ಕರಗುವುದಿಲ್ಲ, ಬ್ಯಾಕ್ಟೀರಿಯಾದ ಒಳಗೂ ಹೋಗುವುದಿಲ್ಲ. ಆದ್ದರಿಂದ ಈ ಜೀವಿ ತನ್ನ ಎಲೆಕ್ಟ್ರಾನನ್ನೇ ಮೈಯಿಂದ ಹೊರಗೆ ಕಳಿಸುತ್ತದೆ! ಕಳಿಸುವುದು ಸೈಟೋಕ್ರೋಮ್ ಎಂಬ ಪ್ರೋಟೀನುಗಳು ಸಾಲಾಗಿ ಜೋಡಿಸಿಕೊಂಡ ತಂತಿಯಲ್ಲಿ. ಆ ತಂತಿಯ ರಚನೆ ಗೊತ್ತಾಗಿದ್ದು 2019ರಲ್ಲಿ. ಅದರೊಳಗೆ ಎಲೆಕ್ಟ್ರಾನ್ ದಾಟಿಸುವುದು ಹೀಮ್ ಎಂಬ ಅಣು, ನಮ್ಮ ರಕ್ತವನ್ನು ಕೆಂಪಗೆ ಮಾಡುವ ಹೀಮ್‌ನ ಹತ್ತಿರದ ಸಂಬಂಧಿ. ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ತುಕ್ಕಿನ ಬದಲು ಗ್ರಾಫೈಟ್ ಎಲೆಕ್ಟ್ರೋಡ್ ಇಟ್ಟರೆ ಎಲೆಕ್ಟ್ರಾನ್ ಅದಕ್ಕೇ ಬಂದು ಸೇರುತ್ತದೆ. ನಾವು ಕರೆಂಟ್ ಅನ್ನುವುದು ಅದನ್ನೇ. ಅದು ಅವುಗಳ ಉಸಿರು.

ನಾನು ನೋಡುವುದು ಅವುಗಳ ಊಟದ ಲೆಕ್ಕ. ಜಿಯೋಬ್ಯಾಕ್ಟರ್‌ಗೆ ಇಷ್ಟವಾದ ತಿಂಡಿ ಅಸಿಟೇಟ್, ಅಂದರೆ ವಿನೆಗರ್‌ನ ಹುಳಿ. ಒಂದು ಅಸಿಟೇಟ್ ಅಣುವನ್ನು ಪೂರ್ತಿ ಕರಗಿಸಿಕೊಂಡರೆ 8 ಎಲೆಕ್ಟ್ರಾನ್ ಸಿಗುತ್ತವೆ. ಅವು ಹೊರಗೆ ಹೋಗುವ ದಾರಿಯಲ್ಲಿ ಬ್ಯಾಕ್ಟೀರಿಯಾಕ್ಕೆ ಸಿಗುವ ಶಕ್ತಿ ಕಡಿಮೆ. ಸ್ವಲ್ಪ ಬೆಳೆಯಬೇಕಾದರೂ ತುಂಬಾ ತಿನ್ನಬೇಕು. ನನಗೆ ಮುಖ್ಯವಾದದ್ದು ಇದೇ: ಕೊಳೆ ನೀರಿನಲ್ಲಿ ಇವನ್ನು ಸಾಕಿದರೆ ಕೊಳೆ ಬೇಗ ಖಾಲಿಯಾಗುತ್ತದೆ, ತಳದಲ್ಲಿ ನಿಲ್ಲುವ ಗಸಿ ಕಡಿಮೆ, ಮೋಟರ್ ಇಟ್ಟು ನೀರಿಗೆ ಗಾಳಿ ಊದುವ ಖರ್ಚೂ ಉಳಿಯಬಹುದು.

ಕಾಫಿ ಪಲ್ಪರ್ ನೀರನ್ನು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದಿಂದ ಹೊರಬರುವ ನೀರನ್ನು, ನೆನಪಿಸಿಕೊಳ್ಳಿ. ಹಣ್ಣಿನ ಸಿಹಿ ಲೋಳೆ ಎಲ್ಲ ಅದರಲ್ಲೇ ಇರುತ್ತದೆ. ಹಾಗೇ ಹಳ್ಳಕ್ಕೆ ಬಿಟ್ಟರೆ ನೀರಿನ ಆಕ್ಸಿಜನ್ ಮುಗಿದು ಮೀನು ಸಾಯುತ್ತದೆ. ಹೇಮಾವತಿ ಹುಟ್ಟುವುದು ನಮ್ಮ ತಾಲ್ಲೂಕಿನಲ್ಲೇ. ಇಲ್ಲಿ ಹಳ್ಳಕ್ಕೆ ಬಿಟ್ಟದ್ದು ಸಕಲೇಶಪುರ, ಗೊರೂರು ಅಂತ ಕೆಳಗೆ ಹೋಗುತ್ತದೆ.

ಕೆಲಸ ಸುಲಭವಿಲ್ಲ. ಜಿಯೋಬ್ಯಾಕ್ಟರ್ ಆ ಸಕ್ಕರೆಯನ್ನು ನೇರವಾಗಿ ತಿನ್ನುವುದಿಲ್ಲ. ಬೇರೆ ಬ್ಯಾಕ್ಟೀರಿಯಾ ಅದನ್ನು ಹುಳಿ ಬರಿಸಿ ಅಸಿಟೇಟ್ ಮಾಡಿಕೊಡಬೇಕು. ಗೋಬರ್ ಗ್ಯಾಸ್ ಗುಂಡಿಯಲ್ಲಿ ಮೀಥೇನ್ ಮಾಡುವ ಜೀವಿಗಳಿಗೂ ಅದೇ ಅಸಿಟೇಟ್ ಬೇಕು, ಹಾಗಾಗಿ ಪೈಪೋಟಿ. ಜೊತೆಗೆ ಹುಳಿ ಜಾಸ್ತಿಯಾದರೆ ಜಿಯೋಬ್ಯಾಕ್ಟರ್‌ಗೇ ಆಗಿಬರುವುದಿಲ್ಲ. ಎಷ್ಟು ಸುಣ್ಣ ಹಾಕಿದರೆ ಸರಿಹೋಗುತ್ತದೆ ಅನ್ನುವುದೇ ನನ್ನ ಈಗಿನ ಪ್ರಯೋಗ. ಅರೇಬಿಕಾ ಕೊಯ್ಲು ಶುರುವಾದ ಕೂಡಲೇ ಎರಡು ಕ್ಯಾನ್ ಪಲ್ಪರ್ ನೀರು ತುಂಬಿಸಿ ಇಡಿ ಅಂತ ಚಿಕ್ಕಪ್ಪನಿಗೆ ಹೇಳಿಟ್ಟಿದ್ದೇನೆ.