ಕಾಡುಪಾಪದ ವಿಳಾಸ

ನಮ್ಮ ಕ್ಯಾಂಪಸ್ಸಿನ ಪ್ರಚಾರ ವಿಭಾಗದ ಹುಡುಗ ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ ಈ ವಾರವೆಲ್ಲ ಮನಸ್ಸಿನಲ್ಲೇ ಅವನ ಜೊತೆ ಜಗಳವಾಡಿದ್ದೇನೆ.

ಫೆಬ್ರವರಿಯಲ್ಲಿ ನಾಲ್ಕು ದಿನ ಕ್ಯಾಂಪಸ್ ಹಕ್ಕಿ ಎಣಿಕೆ ಇರುತ್ತದಲ್ಲ, ನಮ್ಮಲ್ಲೂ ಮಾಡಿದೆವು. ಕನಿಷ್ಠ 15 ನಿಮಿಷ ನೋಡಿ, ಕಂಡ ಕೇಳಿದ ಹಕ್ಕಿಗಳನ್ನೆಲ್ಲ ಇ-ಬರ್ಡ್ ಜಾಲತಾಣಕ್ಕೆ ಹಾಕುವುದು. ಹಕ್ಕಿಗಳಿಂದ ಏನೂ ತಕರಾರಾಗಲಿಲ್ಲ. ಆದರೆ ಅದೇ ಉತ್ಸಾಹದಲ್ಲಿ ಕೆಲವು ವಿದ್ಯಾರ್ಥಿಗಳು ರಾತ್ರಿ ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಕಾಡುಪಾಪ (ಸ್ಲೆಂಡರ್ ಲೋರಿಸ್, ರಾತ್ರಿ ಮರದ ಮೇಲೆ ಓಡಾಡುವ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ) ಹುಡುಕಲು ಹೊರಟರು. ಸಿಕ್ಕಿಯೂಬಿಟ್ಟಿತು. ಸುದ್ದಿ ಎಲ್ಲಿ ನಿಲ್ಲುತ್ತದೆ? ಬೆಳಗ್ಗೆ ಈ ಹುಡುಗ ಫೋನು ಹಿಡಿದುಕೊಂಡು ನಮ್ಮ ವಿಭಾಗಕ್ಕೇ ಬಂದ.

"ಮೇಡಂ, ಯಾವ ಮರ ಅಂತ ಹೇಳಿ ಸಾಕು. ಒಂದು ರೀಲ್ ಮಾಡ್ತೀನಿ. ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕ್‌ನವರಿಗೂ ತೋರಿಸಬಹುದು."

"ಆಗಲ್ಲಪ್ಪ."

"ತೋರಿಸೋಕೇ ಆಗಲ್ಲ ಅಂದ್ರೆ ಲೆಕ್ಕ ಯಾಕೆ ಇಡ್ತೀರಾ ಮೇಡಂ?"

ಅದರಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೇ ಕೇಳಿದ. ನಾನು ಮಾಟದವರ ಕಥೆ ಹೇಳಿದೆ. ಮಾಟ ಮಾಡಿಸುವುದಕ್ಕೆ ಅಂತ ಈ ಬಡಪಾಯಿ ಪ್ರಾಣಿಯನ್ನು ಹಿಡಿಯುವವರು ಇನ್ನೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ ಇದೆ, ಆದರೂ ಹಿಡಿಯುತ್ತಾರೆ. ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಇಂಥ ಪ್ರಾಣಿ ಹಾಕಿದರೆ ನಿಖರ ಜಾಗವನ್ನು ಅದೇ ಮರೆಮಾಡುತ್ತದೆ. ರೀಲ್‌ಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಹಿಂದೆ ನೀರಿನ ಟ್ಯಾಂಕ್ ಕಂಡರೆ ಸಾಕು, ನಮ್ಮ ಹಾಸ್ಟೆಲ್ ಹುಡುಗರು ಐದು ನಿಮಿಷದಲ್ಲಿ ಮರದ ಕೆಳಗಿರುತ್ತಾರೆ, ಫ್ಲ್ಯಾಶ್ ಸಮೇತ.

ಹುಡುಗ ತಲೆಯಾಡಿಸಿ ಹೋದ. ಪ್ರಶ್ನೆ ಹೋಗಲಿಲ್ಲ. ತೋರಿಸೋಕೇ ಆಗಲ್ಲ ಅಂದ್ರೆ ಲೆಕ್ಕ ಯಾಕೆ? ಪಾಠ ಮಾಡುವಾಗ, ಬಸ್ಸಿಗೆ ಕಾಯುವಾಗ, ಅದೇ.

ಅವನ ಮಾತಿನಲ್ಲಿ ಅರ್ಧ ಸತ್ಯ ಇದೆ. ಎಷ್ಟು ವರ್ಷದ ಪಟ್ಟಿಗಳು ನಮ್ಮ ಬೀರುವಿನಲ್ಲಿ ಬಿದ್ದಿವೆ! ರೆಕ್ಸಿನ್ ಬೈಂಡಿನ ಪ್ರಾಜೆಕ್ಟ್ ವರದಿಗಳನ್ನು ಅಂಕ ಕೊಟ್ಟ ಮೇಲೆ ಯಾರೂ ತೆರೆದಿಲ್ಲ. ನ್ಯಾಕ್ ಬರುತ್ತದೆ ಅಂದಾಗ ಮಾತ್ರ ಎಲ್ಲರಿಗೂ ನವಿಲು ನೆನಪಾಗುತ್ತದೆ. ಹಸಿರು ಆಡಿಟ್‌ಗೆ ಫೋಟೋ ಬೇಕಲ್ಲ. ನಮ್ಮ ನಿವೃತ್ತ ಪ್ರಾಧ್ಯಾಪಕರೊಬ್ಬರಂತೂ ಎಲ್ಲರ ಲ್ಯಾಟಿನ್ ಹೆಸರು ತಿದ್ದುತ್ತಾರೆಯೇ ಹೊರತು ತಮ್ಮ ನೋಟ್‌ಬುಕ್ ಯಾರಿಗೂ ಕೊಡುವುದಿಲ್ಲ. ಹಾಗೆ ಬಚ್ಚಿಡುವುದಕ್ಕಿಂತ ಆ ಹುಡುಗನ ರೀಲೇ ವಾಸಿ ಅನ್ನಿಸಿದ್ದೂ ಇದೆ.

ಆದರೆ ಕಾಡುಪಾಪದ ಲೆಕ್ಕವನ್ನು ಓದಬೇಕಾದವರು ಇನ್‌ಸ್ಟಾಗ್ರಾಂನಲ್ಲಿಲ್ಲ, ಕ್ಯಾಂಪಸ್ಸಿನ ಮರ, ಕಟ್ಟಡ ನೋಡಿಕೊಳ್ಳುವ ಎಸ್ಟೇಟ್ ವಿಭಾಗದಲ್ಲಿದ್ದಾರೆ. ಅದು ಕೋತಿಯ ಹಾಗೆ ನೆಗೆಯುವ ಪ್ರಾಣಿ ಅಲ್ಲ. ಒಂದು ಕೊಂಬೆ ಹಿಡಿದುಕೊಂಡೇ ಇನ್ನೊಂದಕ್ಕೆ ಕೈ ಚಾಚುತ್ತದೆ. ಮರಗಳ ಮಧ್ಯೆ ಕೊಂಬೆ ತಾಗದಿದ್ದರೆ ನೆಲಕ್ಕಿಳಿಯಬೇಕು. ಅಲ್ಲಿ ನಾಯಿ ಇದೆ, ಕಾರಿದೆ. ಇಲ್ಲವೇ ಕರೆಂಟ್ ತಂತಿ ಹಿಡಿಯಬೇಕು. ಪ್ರತಿ ಸಲ ಮಳೆಗಾಲಕ್ಕೆ ಮುಂಚೆ ನಮ್ಮಲ್ಲಿ ಕೊಂಬೆ ಕಡಿಯುತ್ತಾರೆ. ಎರಡು ಮರ ಸೇರುವ ಕಡೆಯೇ ಕತ್ತಿ ಬೀಳುವುದು. ಐಐಎಸ್‌ಸಿ, ಜಿಕೆವಿಕೆಯಂಥ ಬೆಂಗಳೂರಿನ ಕ್ಯಾಂಪಸ್‌ಗಳಲ್ಲಿ ಕಾಡುಪಾಪ ಇಂದಿಗೂ ಉಳಿದಿದೆ ಅಂದರೆ ಅಲ್ಲಿನ ಹಳೇ ಮರಗಳು ಒಂದಕ್ಕೊಂದು ತಾಗಿಕೊಂಡಿರುವುದೂ ಅದಕ್ಕೆ ಕಾರಣ.

ಗುರುವಾರ ನಕ್ಷೆ ಹಿಡಿದು ಎಸ್ಟೇಟ್ ವಿಭಾಗಕ್ಕೆ ಹೋದೆ. ಅಲ್ಲಿನ ಮೇಸ್ತ್ರಿ ಫೋಟೋ ಕೇಳಲೇ ಇಲ್ಲ. "ಈ ಸಾಲು ಬಿಡಬೇಕು, ಅಷ್ಟೇ ತಾನೇ?" ಅಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡರು. ಇಷ್ಟು ಸುಲಭ ಅಂದುಕೊಂಡಿರಲಿಲ್ಲ.

ಹುಡುಗನ ರೀಲ್‌ಗೆ ಟಿಟ್ಟಿಭ ಕೊಟ್ಟೆ. ಹಾಸ್ಟೆಲ್ ಹಿಂದಿನ ಮೈದಾನದಲ್ಲಿ ಹಗಲು ರಾತ್ರಿ ಅನ್ನದೆ ಕಿರುಚುವ ಹಕ್ಕಿ, ಎಲ್ಲರೂ ಬೈಯುತ್ತಾರೆ, ಹೆಸರು ಯಾರಿಗೂ ಗೊತ್ತಿಲ್ಲ. ತುಂಬ ಚೆನ್ನಾಗಿ ಮಾಡಿದ, ಒಪ್ಪಬೇಕು. ನಿನ್ನೆ ಕ್ಯಾಂಟೀನಿನಲ್ಲಿ ಸಿಕ್ಕ.

"ಟಿಟ್ಟಿಭಕ್ಕೆ ಲೈಕೇ ಬರ್ತಿಲ್ಲ ಮೇಡಂ. ಕಾಡುಪಾಪದ ಕಣ್ಣು ಮಾತ್ರ ಆದ್ರೂ ಕೊಡಿ."

ಕಾಫಿ ಕೊಡಿಸಿದೆ.