"ಒಂದ್ ಲೋಟ ನೀರ್ ಕೊಡುಕೂ ಆತಿಲ್ಯಾ?"

ಭಾನುವಾರ ಸಂಜೆಯಿಂದ ಇದೊಂದೇ ಮಾತು ಕಿವಿಯಲ್ಲಿ ಕೂತಿದೆ. ಪಾತ್ರೆ ತೊಳೆಯುವಾಗ ಅದೇ. ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗಲೂ ಅದೇ. "ಒಂದ್ ಲೋಟ ನೀರ್ ಕೊಡುಕೂ ಆತಿಲ್ಯಾ ಹೆಣ್ಣೇ ನಿಂಗೆ?"

ಹೇಳಿದ್ದು ಇವರ ಚಿಕ್ಕಮ್ಮ. ಮದುವೆಯೊಂದಕ್ಕೆಂದು ಕುಂದಾಪುರದಿಂದ ಮತ್ಸ್ಯಗಂಧ ರೈಲು ಹತ್ತಿ ಮುಂಬಯಿಗೆ ಬಂದವರು. 78 ವರ್ಷ. ಮಂಡಿನೋವು ಬಿಟ್ಟರೆ ಗಟ್ಟಿ ಜೀವ. ಚೀಲದ ತುಂಬಾ ಮಟ್ಟುಗುಳ್ಳ, ಹಪ್ಪಳ, ಮಿಡಿ ಉಪ್ಪಿನಕಾಯಿ. ಬಂದ ದಿನವೇ, "ಇವನಿಗೆ ದಿನಾ ಒಂದು ಬೊಂಡ ಕುಡಿಸು, ಕಿಡ್ನಿ ತೊಳೆದು ಹೋಗ್ತದೆ" ಎಂದಿದ್ದರು. ಬೊಂಡದಲ್ಲಿ, ಅಂದರೆ ಎಳನೀರಿನಲ್ಲಿ, ಪೊಟ್ಯಾಶಿಯಂ ಜಾಸ್ತಿ. ಇವರ ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ. ರಕ್ತದಲ್ಲಿ ಅದು ಏರಿದರೆ ಹೃದಯವೇ ನಿಲ್ಲಬಹುದು. ಹಾಗಂತ ಹೇಳಿದೆ. "ಡಾಕ್ಟರುಗಳು ಹಾಗೇ ಹೇಳುದು" ಎಂದರು. ಬೆಂಗಳೂರಿನ ನನ್ನ ಮಗನೂ ಇಂಥದ್ದನ್ನೇ ವಾಟ್ಸಾಪಿನಲ್ಲಿ ಕಳಿಸುತ್ತಾನೆ, ಬಾಳೆದಿಂಡಿನ ರಸ ಅಂತ. ಅವನು ಎಂಜಿನಿಯರು. ಚಿಕ್ಕಮ್ಮನಾದರೂ ನಾಲ್ಕನೇ ಕ್ಲಾಸು.

ಇವರಿಗೆ ಡಯಾಲಿಸಿಸ್ ಶುರುವಾಗಿ ಎರಡು ವರ್ಷ ದಾಟಿತು. ಸೋಮ, ಬುಧ, ಶುಕ್ರ. ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಮೂತ್ರ ಹೋಗುವುದು ಸುಮ್ನೆ ಹೆಸರಿಗೆ. ಹಾಗಾಗಿ ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ, ಮಿಷನ್ನು ಎಳೆದು ತೆಗೆಯುವ ತನಕ. ದಿನಕ್ಕೆ 750 ಎಂಎಲ್ ಅಂತ ಡಾಕ್ಟರು ಹೇಳಿದ್ದಾರೆ. ಚಹಾ, ಸಾರು, ಗಂಜಿಯ ತಿಳಿ, ಮಾತ್ರೆ ನುಂಗುವ ಗುಟುಕು, ಎಲ್ಲವೂ ಅದರೊಳಗೇ. ಬೆಳಿಗ್ಗೆ ಒಂದು ಬಾಟಲಿಯಲ್ಲಿ ಅಷ್ಟು ನೀರು ತುಂಬಿಸಿಡುತ್ತೇನೆ. ಇವರು ಅರ್ಧ ಕಪ್ ಚಹಾ ಕುಡಿದರೆ ಬಾಟಲಿಯಿಂದ ಅರ್ಧ ಕಪ್ ನೀರನ್ನು ತುಳಸಿಗೆ ಹಾಕುತ್ತೇನೆ. ಬಾಟಲಿ ಖಾಲಿಯಾದರೆ ಆ ದಿನದ್ದು ಮುಗಿಯಿತು. ತುಳಸಿ ಮಾತ್ರ ಸೊಂಪಾಗಿ ಬೆಳೆದಿದೆ.

ವಾರದಲ್ಲಿ ಭಾನುವಾರದಷ್ಟು ಕಷ್ಟದ ದಿನ ಇನ್ನೊಂದಿಲ್ಲ. ಶುಕ್ರವಾರ ಬಿಟ್ಟರೆ ಸೋಮವಾರವೇ, ನಡುವೆ ಎರಡು ದಿನ ಪೂರ್ತಿ. ಆವತ್ತು ಸೆಕೆ ಬೇರೆ. ಆರು ಗಂಟೆಗೆ ಇವರು ಕುರ್ಚಿಯಲ್ಲಿ ಕೂತು, "ಸ್ವಲ್ಪ ನೀರು ಕೊಡ್ತೀಯಾ?" ಎಂದರು. ಬಾಟಲಿ ಆಗಲೇ ಖಾಲಿ. "ಮುಗೀತಲ್ಲ. ಐಸಿನ ತುಂಡು ಕೊಡಲಾ?" ಎಂದೆ. ಇವರು ಸುಮ್ಮನಾದರು. ನಮ್ಮಲ್ಲಿ ದಿನಾ ನಡೆಯುವ ಮಾತೇ ಇದು.

ಚಿಕ್ಕಮ್ಮನಿಗೆ ಹೊಸದು. ಆಗಲೇ ಆ ಮಾತು ಬಂದದ್ದು. ಮಂಡಿ ಹಿಡಿದುಕೊಂಡು ಎದ್ದರು, ಅಡುಗೆಮನೆಯ ಮಡಕೆಯಿಂದ ದೊಡ್ಡ ಲೋಟದ ತುಂಬಾ ನೀರು ತಂದರು, ಇವರ ಕೈಗೆ ಕೊಟ್ಟರು. ಇವರು ನನ್ನ ಮುಖ ನೋಡಲಿಲ್ಲ. ಗೋಡೆ ನೋಡುತ್ತಾ ಕುಡಿದರು. ಏಳು ಗುಟುಕು. ನಾನು ಎಣಿಸಿದೆ. ಎಣಿಸುವುದು ಅಭ್ಯಾಸವಾಗಿಬಿಟ್ಟಿದೆ.

ನಾನೂ ತಡೆಯಲಿಲ್ಲ, ಅದು ಯಾಕೋ ಗೊತ್ತಿಲ್ಲ. ಆದರೆ ಸಿಟ್ಟು ಬಂದದ್ದು ಚಿಕ್ಕಮ್ಮನ ಮೇಲಲ್ಲ, ಇವರ ಮೇಲೆ. "ಅವಳದ್ದು ತಪ್ಪಲ್ಲ ಚಿಕ್ಕಮ್ಮ" ಅಂತ ಒಂದು ಮಾತು ಹೇಳಬಹುದಿತ್ತಲ್ವಾ?

ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಬೆಲ್ಲ, ನೀರು. ಆಮೇಲೆ ಉಳಿದ ಮಾತು. ಕೋರ್ಟಿನಲ್ಲಿ ಎದುರಾಳಿಯಾದವನು ಬಾಗಿಲಿಗೆ ಬಂದು ನೀರು ಕೇಳಿದರೂ ನನ್ನ ಅಮ್ಮ ಇಲ್ಲ ಎನ್ನುತ್ತಿರಲಿಲ್ಲ. ಅಂಥ ಮನೆಯಿಂದ ಬಂದವಳು ನಾನು. ಇವರೋ, 13ನೇ ವಯಸ್ಸಿಗೆ ಊರು ಬಿಟ್ಟು ಬಂದು ಮುಂಬಯಿ ಫೋರ್ಟಿನ ಉಡುಪಿ ಹೋಟೆಲು ಸೇರಿದವರು. ಮೊದಲ ಕೆಲಸ ಟೇಬಲ್ಲಿಗೆ ನೀರಿನ ಲೋಟ ಇಡುವುದು. ಗಿರಾಕಿ ಕೂರುವ ಮೊದಲೇ ನೀರು ಅಲ್ಲಿರಬೇಕು, ಇಲ್ಲದಿದ್ದರೆ ಮಾಲೀಕರಿಂದ ಬೈಗುಳ. ಹಗಲು ಲೋಟ, ರಾತ್ರಿ ಕನ್ನಡ ಶಾಲೆ. ಕೊನೆಗೆ ಗಲ್ಲಾದಲ್ಲಿ ಕೂತರೂ ಇವರ ಕಣ್ಣು ಮಾತ್ರ ಟೇಬಲ್ಲಿನ ಲೋಟಗಳ ಮೇಲೆಯೇ ಇರುತ್ತಿತ್ತು.

ಸೋಮವಾರ ತೂಕ ನೋಡಿದರೆ 61.6. ಇವರ ಡ್ರೈ ವೇಟ್, ಅಂದರೆ ಹೆಚ್ಚಿನ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ, 58. ಟೆಕ್ನಿಷಿಯನ್ ಹುಡುಗ, "ಕಾಕಾ, ಪಾರ್ಟಿ ಕಿಯಾ ಕ್ಯಾ?" ಎಂದು ನಕ್ಕ. ನ್ಯಾಯವಾಗಿ ಹೇಳಬೇಕೆಂದರೆ ಚಿಕ್ಕಮ್ಮನ ಲೋಟದ್ದು ಕಾಲು ಕಿಲೋ ಅಷ್ಟೇ. ಉಳಿದದ್ದರಲ್ಲಿ ಮಿಡಿ ಉಪ್ಪಿನಕಾಯಿಯ ಪಾಲು ದೊಡ್ಡದು. ಉಪ್ಪು ತಿಂದರೆ ಬಾಯಾರಿಕೆ ತಡೆಯಲಿಕ್ಕಾಗುವುದಿಲ್ಲ. ಆ ಮಿಡಿಯನ್ನು ತಟ್ಟೆಗೆ ಬಡಿಸಿದವಳು ನಾನೇ, ಆಸೆಪಟ್ಟರು ಅಂತ.

ಮೂರನೇ ಗಂಟೆಯಲ್ಲಿ ಕಾಲಿಗೆ ಕ್ರಾಂಪ್ ಬಂತು. ಒಮ್ಮೆಲೇ ಅಷ್ಟು ನೀರು ಎಳೆದರೆ ಹೀಗಾಗುತ್ತದೆ. ಮೀನಖಂಡ ಕಲ್ಲಿನ ಹಾಗೆ. ನಾನು ತಿಕ್ಕುತ್ತಾ ಕೂತೆ. ಸೂಜಿ ಚುಚ್ಚಿದ ಎಡಗೈಯನ್ನು ಅಲ್ಲಾಡಿಸುವ ಹಾಗಿಲ್ಲ, ಹಾಗಾಗಿ ಇವರು ಬಲಗೈಯಲ್ಲಿ ಮಂಚದ ಕಂಬಿ ಹಿಡಿದು ಹಲ್ಲು ಕಚ್ಚಿಕೊಂಡಿದ್ದರು. ಪಕ್ಕದಲ್ಲಿ ಮಿಷನ್ನಿನ ನೀರು ಗುಳುಗುಳು ಎಂದು ಹೋಗುತ್ತಿತ್ತು. ನಿಮಿಷಕ್ಕೆ ಅರ್ಧ ಲೀಟರ್. ನಾಲ್ಕು ಗಂಟೆಗೆ 120 ಲೀಟರ್. ಒಬ್ಬ ಮನುಷ್ಯನ ರಕ್ತ ತೊಳೆಯಲಿಕ್ಕೆ ಅಷ್ಟು ಶುದ್ಧ ನೀರು ಬೇಕು, ಆ ಮನುಷ್ಯನ ಬಾಯಿಗೆ ಮಾತ್ರ ಮುಕ್ಕಾಲು ಲೀಟರ್. ಯಾರ ಹತ್ತಿರ ಜಗಳ ಮಾಡುವುದು?

ವಾಪಸ್ ಬರುವಾಗ ಥಾಣೆಯಲ್ಲಿ ಸ್ಲೋ ಲೋಕಲ್ ಹತ್ತಿದೆವು. ನಿಂತೇ ಬಂದರು. ಹ್ಯಾಂಡಿಕ್ಯಾಪ್ ಡಬ್ಬಾ ಹತ್ತಬಹುದಲ್ಲ ಎಂದು ಕೆಲವರು ಹೇಳುತ್ತಾರೆ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯದ ಪಟ್ಟಿ ಇದೆ, ಪಾರ್ಕಿನ್ಸನ್, ಹಿಮೋಫಿಲಿಯಾ ಎಲ್ಲ ಉಂಟು. ಕಿಡ್ನಿ ಇಲ್ಲ. ಡಬ್ಬಾದ ಒಳಗೆ ಇವರನ್ನು ನೋಡಿದವರಿಗೂ ಶರ್ಟಿನ ತೋಳಿನ ಕೆಳಗಿನ ಫಿಸ್ಟುಲಾ, ಡಯಾಲಿಸಿಸ್ ಸೂಜಿ ಚುಚ್ಚಲಿಕ್ಕೆಂದು ರಕ್ತನಾಳ ಜೋಡಿಸಿದ ಜಾಗ, ಕಾಣುವುದಿಲ್ಲ. ಸೀಟು ಕೇಳಲು ಇವರಿಗೆ ಸಂಕೋಚ. ಇವರ ಪರವಾಗಿ ಕೇಳಿ ಕೇಳಿ ನನಗೆ ಸುಸ್ತು.

ಮುಂಬ್ರಾ ದಾಟುವಾಗ ಇವರು ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದರು, "ಆ ನೀರು ಎಷ್ಟು ತಣ್ಣಗಿತ್ತು ಗೊತ್ತಾ?"

ಅಷ್ಟೇ. ಕ್ಷಮಿಸು ಎಂದಿಲ್ಲ, ಚಿಕ್ಕಮ್ಮನ ಮಾತು ಎತ್ತಲಿಲ್ಲ. ಇಷ್ಟು ನೋವು ತಿಂದು ಎದ್ದ ಮನುಷ್ಯನ ಮುಖದಲ್ಲಿ, ಹೇಳಬಾರದು, ಒಂದು ಖುಷಿ ಇತ್ತು. ನನಗೆ ಹೊಟ್ಟೆಕಿಚ್ಚಾಯಿತು. ಎರಡು ವರ್ಷದಿಂದ ಆಲೂಗಡ್ಡೆ ಕತ್ತರಿಸಿ ನೆನೆಸಿ, ಬೇಯಿಸಿ, ಆ ನೀರು ಬಸಿದು ಪಲ್ಯ ಮಾಡುವವಳು ನಾನು. ರಾತ್ರಿ ಎರಡಕ್ಕೆ ಎದ್ದು ಇವರು ಉಸಿರಾಡುವ ಸದ್ದು ಕೇಳಿಸಿಕೊಳ್ಳುವವಳು ನಾನು, ನೀರು ಜಾಸ್ತಿಯಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಮಲಗಲಿಕ್ಕಾಗುವುದಿಲ್ಲ. ಆ ಖುಷಿಯನ್ನು ಕೊಟ್ಟದ್ದು ಮಾತ್ರ ನಾಲ್ಕು ದಿನಕ್ಕೆಂದು ಬಂದ ಚಿಕ್ಕಮ್ಮ.

ಅವರು ಮಂಗಳವಾರ ಊರಿಗೆ ಹೊರಟರು. ಹೊರಡುವಾಗ ಇವರ ತಲೆ ಸವರಿ ನನ್ನ ಕಡೆ ತಿರುಗಿ, "ಮಾಣಿಯನ್ನು ಸರಿಯಾಗಿ ನೋಡ್ಕೋ" ಎಂದರು. ಇವರಿಗೆ 61. ಕ್ರಾಂಪ್ ಬಂದದ್ದನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಊರು ಮುಟ್ಟುವ ತನಕ ಅಳುತ್ತಿದ್ದರು. ಅಥವಾ ನಂಬುತ್ತಲೇ ಇರಲಿಲ್ಲ.

ನಿನ್ನೆ ಮಧ್ಯಾಹ್ನ ಬಾಯಾರಿ ಅಡುಗೆಮನೆಗೆ ಹೋದೆ. ಎರಡು ವರ್ಷದಿಂದ ನಾನು ಇವರ ಎದುರು ನೀರು ಕುಡಿದಿಲ್ಲ. ಊಟದ ಜೊತೆಗೂ ಇಲ್ಲ. ಬಾಗಿಲಿಗೆ ಬೆನ್ನು ಹಾಕಿ, ಸಿಂಕಿನ ಹತ್ತಿರ ನಿಂತು, ನಲ್ಲಿ ಬಿಟ್ಟುಕೊಂಡು ಗಟಗಟ ಕುಡಿದು ಲೋಟ ತೊಳೆದಿಟ್ಟು ಬರುವುದು. ಲೋಟ ಎತ್ತಿದ್ದೇ ತಡ, ಹಾಲಿನಿಂದ ಇವರ ದನಿ ಬಂತು. ಎಷ್ಟಾದರೂ ಹೋಟೆಲಿನವರ ಕಿವಿ.

"ನಲ್ಲಿ ಬಂದ್ ಮಾಡು ಮಾರಾಯ್ತಿ. ನಿಂತು ಕುಡೀಬಾರದು ಅಂತಾರೆ. ಇಲ್ಲಿ ಬಂದು ಕೂತು ಕುಡಿ."